ರೇಡಿಯೋ ಪುಸ್ತಕದಲ್ಲಿ ಅಮ್ಮ

"ನಿಮ್ಮಮ್ಮ ರೇಡಿಯೋದಲ್ಲಿ ಹಾಡಿದ್ಲಾ? ಕೊಟ್ಟಿಗೇಲಿ ಎಮ್ಮೆ ಮುಂದೆ ಹಾಡಿರ್ಬೇಕು ಕಣೋ. ಸಾಯೋಗಂಟ ಅದೊಂದು ಬುರುಡೆ ಬಿಡ್ಲಿಲ್ಲ."

ಅಮ್ಮನ ತಿಥಿ ಊಟದ ಪಂಕ್ತಿಯಲ್ಲಿ ಕೂತು ಚಲಪತಿ ಚಿಕ್ಕಪ್ಪ ಆಡಿದ ಮಾತಿದು. ವಡೆ ಕಡೀತಿದ್ದವರೆಲ್ಲ ನಕ್ಕರು. ನನ್ನ ಕೈಯಲ್ಲಿ ಸಾಂಬಾರಿನ ಬಕೆಟ್ಟಿತ್ತು. ಅವನ ತಲೆ ಮೇಲೆ ಸುರಿದುಬಿಡೋಣ ಅನ್ನಿಸಿತು.

ಮದುವೆಗೆ ಮುಂಚೆ ಬೆಂಗಳೂರಿಗೆ ಹೋಗಿ ಸೋಬಾನೆ ಹಾಡಿದ್ದೆ, ರೇಡಿಯೋದವರ ಪುಸ್ತಕದಲ್ಲಿ ಫೋಟೋ ಬಂದಿತ್ತು ಅಂತ ಅಮ್ಮ ಹೇಳ್ತಿದ್ದಳು. ಆ ಪುಸ್ತಕ ನಮ್ಮನೇಲಿರಲಿಲ್ಲ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಈಗ ದೇವನಹಳ್ಳೀಲಿ ಕ್ಯಾಬ್ ಓಡಿಸೋನು, ಅದನ್ನ ಎಲ್ಲಿ ಹುಡುಕಬೇಕು ಅಂತ ಗೊತ್ತಿರಲಿಲ್ಲ. ಹಳೇ ರೇಡಿಯೋ, ಸಿನಿಮಾ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಆನ್‌ಲೈನಲ್ಲಿ ಇಟ್ಟಿದ್ದಾರೆ, ಹೆಸರು ಹಾಕಿದ್ರೆ ಪುಟ ಬರುತ್ತೆ ಅಂತ ಒಬ್ಬ ಪ್ಯಾಸೆಂಜರ್ ಹೇಳೋ ಹೊತ್ತಿಗೆ ಅಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಕಣ್ಮುಚ್ಚೋದರೊಳಗೆ ಒಂದು ಸಲ ತೋರಿಸಬೇಕು ಅಂತ ದಿನಾ ಅವಳ ಪಕ್ಕ ಕೂತು 'ಲಕ್ಷ್ಮೀದೇವಮ್ಮ' ಅಂತ ಹಾಕ್ತಿದ್ದೆ. ಏನೂ ಬರ್ತಿರಲಿಲ್ಲ. ಅಮ್ಮ ಮೊಬೈಲ್ ನೋಡಿ ಅಡ್ಡಡ್ಡ ತಲೆ ಆಡಿಸೋಳು. ಹೋಗ್ಲಿ ಬಿಡು ಅಂತಿದ್ದಾಳೆ ಅಂದ್ಕೊಂಡೆ.

ಪಂಕ್ತಿಯ ಕೊನೇಲಿದ್ದ ಅಮ್ಮನ ಅಕ್ಕ, ಮುನಿಗಂಗಮ್ಮ ದೊಡ್ಡಮ್ಮ, ಎಲೆಯಿಂದ ಕೈ ತೆಗೆದಳು.

"ಯಾಕ್ ಚಲಪತಿ, ನಿಂಗೊತ್ತಿಲ್ವಾ? ಆ ಫೋಟೋ ನೋಡೇ ಅಲ್ವಾ ನಿಮ್ಮಣ್ಣ ಜಡಿಗೇನಹಳ್ಳಿಗೆ ಹೆಣ್ಣು ಕೇಳ್ಕೊಂಡು ಬಂದಿದ್ದು?" ಆಮೇಲೆ ನನ್ನ ಕಡೆ ತಿರುಗಿದಳು. "ಲಕ್ಷ್ಮೀದೇವಮ್ಮ ಅನ್ನೋದು ಈ ಮನೆಯೋರು ಇಟ್ಟ ಹೆಸರು ಕಣಪ್ಪ. ಅವಳು ಪಾಪಮ್ಮ. ಅತ್ತೆ ಹೆಸರೂ ಪಾಪಮ್ಮನೇ ಆಗಿತ್ತಲ್ಲ, ಆ ಹೆಸರಿಟ್ಕೊಂಡು ಸೊಸೇನ ಬೈಯಂಗಿಲ್ಲ, ಕೂಗಂಗಿಲ್ಲ ಅಂತ ಧಾರೆ ದಿನಾನೇ ಬದಲಾಯಿಸಿದ್ರು."

ಬಕೆಟ್ ಕೆಳಗಿಟ್ಟೆ. ಬೆರಳು ಪಂಚೆಗೆ ಒರೆಸಿಕೊಂಡು 'ಪಾಪಮ್ಮ, ಜಡಿಗೇನಹಳ್ಳಿ' ಅಂತ ಹಾಕಿದೆ.

ಒಂದೇ ಪುಟ ಬಂತು. ಮೈಕಿನ ಮುಂದೆ ಎರಡು ಜಡೆಯ ಹುಡುಗಿ, ಬಾಯ್ತುಂಬ ಹಾಡ್ತಿದ್ದಾಳೆ. ಮುಂದಿನ ಹಲ್ಲು ಒಂಚೂರು ಓರೆ. ಅಮ್ಮನದೇ ಹಲ್ಲು. ಕೊನೆಕೊನೆಗೆ ಆ ಬಾಯಿಗೆ ನೀರು ಬಿಟ್ಟರೂ ಕಟವಾಯಲ್ಲಿ ಇಳಿದು ಹೋಗ್ತಿತ್ತು. ದಿನಾ ತಲೆ ಆಡಿಸಿ ಅವಳು ಹೇಳ್ತಿದ್ದದ್ದು ಇಷ್ಟೇ: ಅದು ನನ್ನ ಹೆಸರಲ್ಲ.

ಮೊಬೈಲನ್ನ ಚಿಕ್ಕಪ್ಪನ ಎಲೆ ಪಕ್ಕ ಇಟ್ಟೆ. ನೋಡಿದ. ಅನ್ನ ಕಲಸೋದು ನಿಲ್ಲಿಸಲಿಲ್ಲ.

"ಆಯ್ತು ಬಿಡಪ್ಪ, ಅಷ್ಟು ಹಳೇದು ಯಾರಿಗೆ ನೆನಪಿರುತ್ತೆ. ಪಾಯಸ ತಗೊಂಬಾ."

ಮೊಬೈಲ್ ಎತ್ತಿಕೊಂಡೆ. ಗೋಡೆ ಹತ್ತಿರ ಹಾರ ಹಾಕಿದ್ದ ಅಮ್ಮನ ಫೋಟೋ. ಕೆಳಗೆ ಲಕ್ಷ್ಮೀದೇವಮ್ಮ ಅಂತ ದೊಡ್ಡ ಅಕ್ಷರದಲ್ಲಿ ನಾನೇ ಬರೆಸಿದ್ದೆ.

"ಲೇ, ನಿನ್ನೇ ಕಣೋ ಕೇಳ್ತಿರೋದು. ಪಾಯಸ ಎಲ್ಲಿ?"

ಫೋಟೋ ಕಂಕುಳಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಆ ಹೆಸರು ಬರೆದವನ ಅಂಗಡಿಗೆ ಹೊರಟೆ.