ಗೇಟಣ್ಣನ ಕಾಲು ಗಂಟೆ

ಬಸ್ಸಿನ ಮುಂದಿನ ಗಾಜನ್ನು ಅವಳು ಮೂರನೆಯ ಸಲ ಒರೆಸುತ್ತಿದ್ದಾಗ, ಪಾಳಿ ಬದಲಿಸಲು ಬಂದಿದ್ದ ಡ್ರೈವರು ಕೆಳಗಿನಿಂದ ಕತ್ತೆತ್ತಿ ನೋಡಿದ.

"ಅಕ್ಕಾ, ಗಾಜು ಸವೆದುಹೋದೀತು. ಅಪರೂಪಕ್ಕೆ ಇಪ್ಪತ್ತು ನಿಮಿಷ ಮುಂಚೆ ಬಂದಿದೀನಿ, ಹೊರಡಿ ಅಂದ್ರೆ ಇಲ್ಲೇ ಠಿಕಾಣಿ ಹೂಡಿದೀರಲ್ಲ."

"ಹೊರಟೆ ಕಣೋ. ಆ ಮೂಲೇಲಿ ಒಂದು ಕಲೆ ಇದೆ."

"ಕಲೆ ಗಾಜಿನ ಆಚೆ ಇದೆ. ನೀವು ಈಚೆ ಒರೆಸ್ತಿದೀರಿ."

ಅವಳು ಬಟ್ಟೆಯನ್ನು ಮಡಚಿ ಸೀಟಿನ ಕೆಳಗೆ ತುರುಕಿ, ಟ್ರಿಪ್ ಶೀಟಿಗೆ ಸಹಿ ಹಾಕಿ ಇಳಿದಳು. ಗಂಟೆ ಮೂರೂಕಾಲು. ಗೇಟಣ್ಣನನ್ನು ಮನೆಯಿಂದ ಕೊಂಡೊಯ್ಯುವುದು ನಾಲ್ಕಕ್ಕೆ. ಡಿಪೋದಿಂದ ಆ ಮನೆಗೆ ನಿಧಾನವಾಗಿ ನಡೆದರೂ ಇಪ್ಪತ್ತು ನಿಮಿಷ. ಹದಿನೇಳು ವರ್ಷದಿಂದ ಬಸ್ಸು ಓಡಿಸುತ್ತಿದ್ದವಳು, ಒಂದು ದಿನವೂ ತಡವಾಗಿ ಹೊರಟವಳಲ್ಲ. ಈಗ ಮಾತ್ರ ನಲ್ಲಿಯ ಬಳಿ ನಿಂತು ಕೈ ತೊಳೆದಳು, ಮುಖ ತೊಳೆದಳು, ಮತ್ತೆ ಕೈ ತೊಳೆದಳು. ಡಿಪೋದ ಬೆಂಚಿನ ಮೇಲೆ ಕೂತು ಷೂಗಳ ಲೇಸು ಬಿಚ್ಚಿ ಕಟ್ಟಿದಳು.

ಫೋನು ಬಡಿದುಕೊಂಡಿತು. ತಂಗಿ.

"ಎಲ್ಲಿದೀಯಾ ಅಕ್ಕ? ಗಂಟೆ ಮೂರೂಮುಕ್ಕಾಲು."

"ಪಾಳಿಯವನು ಇನ್ನೂ ಬಂದಿಲ್ಲ ಕಣೆ. ಬಂದ ತಕ್ಷಣ ಹೊರಡ್ತೀನಿ."

ಸುಳ್ಳು ಬಾಯಿಂದ ಸಲೀಸಾಗಿ ಜಾರಿತು. ಎರಡು ತಿಂಗಳ ಹಿಂದೆ ಹಾಸಿಗೆ ಹಿಡಿದ ಮೇಲೆ ಗೇಟಣ್ಣ ಈ ತಂಗಿಯ ಕೈಲೇ ಎರಡು ಸಲ ಹೇಳಿಕಳಿಸಿದ್ದ, ಓಟಗಾತಿ ಒಮ್ಮೆ ಬಂದುಹೋಗಲಿ ಎಂದು. ಎರಡು ಸಲವೂ ಇವಳು ಬರುವ ವಾರ ಅಂದಿದ್ದಳು. ಬರುವ ವಾರ ಬಂತು, ಹೋಯಿತು. ಇವತ್ತು ಬೆಳಗ್ಗೆ ಎರಡನೆಯ ಟ್ರಿಪ್ಪಿನ ಕೊನೆಯಲ್ಲಿ ಅವನು ಹೋದ ಸುದ್ದಿಯೇ ಬಂತು.

*

ಹೈಸ್ಕೂಲಿನ ಗೇಟು ಒಂಬತ್ತಕ್ಕೆ ಮುಚ್ಚುತ್ತಿತ್ತು. ಆಮೇಲೆ ಬಂದವರು ಗೇಟಿನ ಪಕ್ಕದ ಗೂಡಿನಂಥ ಕೋಣೆಯ ಕಿಟಕಿಯಲ್ಲಿ, ಒಂದು ಉದ್ದನೆಯ ಪುಸ್ತಕದಲ್ಲಿ, ತಮ್ಮ ಕೈಯಾರೆ ಹೆಸರು, ತರಗತಿ, ಬಂದ ಸಮಯ, ಕಾರಣ ಬರೆದು ಒಳಗೆ ಹೋಗಬೇಕು. ಪೆನ್ನಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ಬಿಗಿದಿದ್ದರು. ತಿಂಗಳಲ್ಲಿ ನಾಲ್ಕನೆಯ ಸಲ ಹೆಸರು ಬಿದ್ದರೆ ಮನೆಯವರನ್ನು ಕರೆತರಬೇಕು. ಕರೆತರದಿದ್ದರೆ ತರಗತಿಯ ಹೊರಗೆ.

ಅವಳ ಮನೆಯಲ್ಲಿ ಕರೆತರಲು ಇದ್ದವಳು ಅಮ್ಮ ಒಬ್ಬಳೇ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಬೆಳಗ್ಗೆ ಆರಕ್ಕೆ ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ಆರು ವರ್ಷದ ತಂಗಿಯ ತಲೆ ಬಾಚಿ, ತಿನ್ನಿಸಿ, ಹೈಸ್ಕೂಲಿನ ಹಿಂದಿನ ಬೀದಿಯ ಚಿಕ್ಕ ಮಕ್ಕಳ ಶಾಲೆಗೆ ಬಿಡುವುದು ಇವಳ ಪಾಲು. ಆ ಶಾಲೆಯ ಬಾಗಿಲು ತೆರೆಯುತ್ತಿದ್ದದ್ದು ಒಂಬತ್ತೂಕಾಲಿಗೆ. ಮಗುವನ್ನು ಬೀದಿಯಲ್ಲಿ ಬಿಟ್ಟುಬರುವಂತಿಲ್ಲ. ಬಾಗಿಲು ತೆರೆದ ಮೇಲೆ ಒಳಗೆ ಬಿಟ್ಟು, ಸುತ್ತಿಕೊಂಡು ಓಡಿಬರುವ ಹೊತ್ತಿಗೆ ಒಂಬತ್ತು ಇಪ್ಪತ್ತು.

"ಬಂದ್ಲಪ್ಪ ನಮ್ಮ ಓಟಗಾತಿ" ಎಂದು ಗೇಟಣ್ಣ ಪುಸ್ತಕ ಮುಂದೆ ತಳ್ಳುತ್ತಿದ್ದ. ಕಾರಣ ಎಂಬಲ್ಲಿ ಅವಳು ಬರೆಯುತ್ತಿದ್ದದ್ದು ಒಂದೇ ಮಾತು: 'ಎಚ್ಚರವಾಗಲಿಲ್ಲ.'

ಮೂರನೆಯ ಸಲ ಬರೆದ ದಿನ ಗೇಟಣ್ಣ ಪುಸ್ತಕವನ್ನು ವಾಪಸು ಎಳೆದುಕೊಳ್ಳಲಿಲ್ಲ.

"ಈಗ ತಾನೇ ಎದ್ದುಬಂದವರ ಮೊಣಕೈಗೆ ಹಿಟ್ಟು ಮೆತ್ತಿರಲ್ಲ ಕಣಮ್ಮ."

ಅವಳು ಮೊಣಕೈ ಮರೆಮಾಡಿಕೊಂಡಳು.

"ಈ ಪುಸ್ತಕದಲ್ಲಿ ಹೆಡ್‌ಮಾಸ್ಟರು ಹೆಸರು ಎಣಿಸ್ತಾರೆ, ಅಷ್ಟೇ. ಕಾರಣ ಓದೋನು ಇಡೀ ಶಾಲೇಲಿ ನಾನೊಬ್ಬನೇ. ನನ್ನ ಹತ್ರ ಯಾಕೆ ಸುಳ್ಳು? ನಿಜ ಬರಿ. ನಾಚಿಕೆ ಆದ್ರೆ ಸಣ್ಣಕ್ಷರದಲ್ಲಿ ಬರಿ."

ಅವಳು ಹಳೆಯ ಮಾತನ್ನು ಹೊಡೆದುಹಾಕಿ, ಇರುವೆಯಂಥ ಅಕ್ಷರಗಳಲ್ಲಿ ಬರೆದಳು: 'ತಂಗಿಯ ಶಾಲೆ ಒಂಬತ್ತೂಕಾಲಿಗೆ ತೆರೆಯುತ್ತದೆ. ಅಮ್ಮ ಬರಲು ಆಗುವುದಿಲ್ಲ. ನಾಳೆಯಿಂದ ನಾನೂ ಬರುವುದಿಲ್ಲ.'

ಗೇಟಣ್ಣ ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದಿದ. ಕೊನೆಗೆ ಬಂದು, ಮತ್ತೆ ಮೊದಲಿನಿಂದ ಓದಿದ.

"ನಾಳೆ ಒಂಬತ್ತಕ್ಕೆ ಐದು ನಿಮಿಷ ಮುಂಚೆ ಇಬ್ಬರೂ ಬನ್ನಿ. ಅವಳಿಗೆ ನನ್ನ ಸ್ಟೂಲಿದೆ" ಅಂದ. ಆಮೇಲೆ ದಿನವೂ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ: "ಸರಿ, ಒಳಗೆ ಹೋಗು."

ಎರಡು ವರ್ಷ ತಂಗಿ ಆ ಸ್ಟೂಲಿನ ಮೇಲೆ ಕೂತಳು. ಹೊತ್ತಾದಾಗ ಗೇಟಣ್ಣ ಗೇಟಿಗೆ ಬೀಗ ಹಾಕಿ ಅವಳ ಕೈ ಹಿಡಿದು ಹಿಂದಿನ ಬೀದಿಗೆ ಬಿಟ್ಟು ಬರುತ್ತಿದ್ದ. ಅಕ್ಕ ಅಷ್ಟರಲ್ಲಿ ಮೊದಲ ಬೆಂಚಿನಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದಳು. ಆ ಪುಸ್ತಕದಲ್ಲಿ ಅವಳ ಹೆಸರು ಮತ್ತೆ ಬೀಳಲಿಲ್ಲ. ಅದರಿಂದ ಅವನಿಗೇನಾದರೂ ತೊಂದರೆ ಆಗುತ್ತಿದೆಯೇ ಎಂದು ಕೇಳಬೇಕೆಂದು ಹೊಳೆಯುವ ವಯಸ್ಸೂ ಅದಲ್ಲ.

*

ನಾಲ್ಕು ಹೊಡೆದಾಗ ಅವಳಿನ್ನೂ ಔಷಧಿ ಅಂಗಡಿಯ ತಿರುವಿನಲ್ಲಿದ್ದಳು. ಹೋಗಿಬಿಟ್ಟ ಅನ್ನಿಸಿದ ಕೂಡಲೇ ಕಾಲುಗಳು ತಾವಾಗಿ ಓಡತೊಡಗಿದವು. ಬೀದಿಯ ಕೊನೆಯಲ್ಲಿ ವ್ಯಾನು ಇನ್ನೂ ನಿಂತೇ ಇತ್ತು.

ಗೇಟಿನಲ್ಲಿ ತಂಗಿ ಕೈಯೆತ್ತಿದಳು. "ಓಡಬೇಡ. ಇನ್ನೂ ಹತ್ತು ನಿಮಿಷ ಇದೆ."

"ನಾಲ್ಕಕ್ಕೆ ಅಂದಿದ್ದೆಯಲ್ಲೇ?"

ಉತ್ತರ ಕೊಟ್ಟವಳು ಗೇಟಣ್ಣನ ಹೆಂಡತಿ. ಅತ್ತು ಅತ್ತು ದನಿ ಒಡೆದಿತ್ತು, ಮಾತು ಮಾತ್ರ ನೆಟ್ಟಗಿತ್ತು. "ಹೋದ ವಾರವೇ ಹೇಳಿಟ್ಟಿದ್ರು. 'ನನ್ನ ಮಕ್ಕಳೆಲ್ಲ ತಡವಾಗಿ ಬರೋರೇ. ನಾಲ್ಕು ಅಂತ ಹೇಳು, ನಾಲ್ಕೂಕಾಲಿಗೆ ಹೊರಡಿಸು' ಅಂತ. ಪಾಪ, ಆ ವ್ಯಾನಿನವನು ಸಿಡುಕ್ತಿದಾನೆ. ಸಿಡುಕಲಿ. ನೀನು ಓಟಗಾತಿ ಅಲ್ವಾ?"

"ಹೂಂ ಅಮ್ಮ. ಪಾಳಿಯವನು ತಡ ಮಾಡ್ದ."

"ಇರ್ಲಿ. ಮೊದಲು ಹೆಸರು ಬರಿ. ಅದೂ ಅವರದೇ ಅಪ್ಪಣೆ."

ಜಗಲಿಯಲ್ಲಿ ಒಂದು ಮೇಜು, ಅದರ ಮೇಲೆ ಅದೇ ಉದ್ದನೆಯ ಪುಸ್ತಕ. ಪೆನ್ನಿಗೆ ದಾರ. ಶಾಲೆ ರದ್ದಿಗೆ ಹಾಕಲು ಹೊರಟಿದ್ದ ಪುಸ್ತಕಗಳನ್ನೆಲ್ಲ ಗೇಟಣ್ಣ ನಿವೃತ್ತಿಯ ದಿನ ಕೇಳಿ ತಂದಿದ್ದನಂತೆ. ಕೊನೆಯದರಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ಹಳೆಯದೊಂದನ್ನು ಊರಿನ ಬೇಕರಿಯವನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಶಾಲೆಯಲ್ಲಿ ತನಗಿಂತ ಎರಡು ತರಗತಿ ಹಿಂದಿದ್ದವನೆಂಬ ಗುರುತು ಇವಳಿಗಿತ್ತು.

"ನೋಡಿ ಅಕ್ಕ, 'ಹಾಲು ಹಾಕುವುದು ತಡವಾಯಿತು.' ನಲವತ್ತು ಸಲ ಬರೆದಿದೀನಿ. ಹೈಸ್ಕೂಲಲ್ಲಿ ನಾನು ಪೂರ್ತಿ ಓದಿದ್ದು ಇದೊಂದೇ ಪುಸ್ತಕ. ಅದೂ ಅರ್ಧ ನಾನೇ ಬರೆದದ್ದು."

ಗೋಡೆಗೊರಗಿ ನಿಂತಿದ್ದ, ಅದೇ ಶಾಲೆಯಲ್ಲಿ ಓದಿ ಈಗ ನರ್ಸಾಗಿದ್ದವಳು ಕಣ್ಣೊರೆಸಿಕೊಂಡೇ ನಕ್ಕಳು. "ನನಗೆ ಒಂದು ಪುಟ ಪ್ರಬಂಧ ಬರೆಯೋಕೆ ಬರ್ತಿರಲಿಲ್ಲ. 'ಅಪ್ಪ ರಾತ್ರಿ ಗಲಾಟೆ ಮಾಡಿದರು' ಅಂತ ಬರೆದದ್ದು ಇಲ್ಲೇ ಮೊದಲು. ಗೇಟಣ್ಣ ಓದಿ ಏನೂ ಕೇಳಲಿಲ್ಲ. ಕುಡಿಯೋಕೆ ನೀರು ಕೊಟ್ಟ. ಆರು ವಿಷಯ ಪಾಸಾಗಿದ್ದು ಮರೆತಿದೆ, ಆ ನೀರು ನೆನಪಿದೆ."

ಮೂಲೆಯ ಕುರ್ಚಿಯಲ್ಲಿ ಕೋಲಿನ ಮೇಲೆ ಗಲ್ಲವೂರಿ ಕೂತಿದ್ದ ಮುದುಕರು ಕೆಮ್ಮಿದರು. ಆಗಿನ ಹೆಡ್‌ಮಾಸ್ಟರು. ಮೂವರೂ ಅಭ್ಯಾಸಬಲದಿಂದ ನೆಟ್ಟಗಾದರು.

"ಒಂದು ಸಲ ಇಲಾಖೆಯಿಂದ ದೊಡ್ಡ ಅಧಿಕಾರಿ ಬಂದ್ರು" ಎಂದರು ಅವರು. "ಗೇಟಿಗೆ ಬೀಗ. ಹತ್ತು ನಿಮಿಷ ಬಿಸಿಲಲ್ಲಿ ನಿಂತ್ರು. ಇವನು ಎಲ್ಲಿಂದಲೋ ನಡ್ಕೊಂಡು ಬಂದವನೇ ಬೀಗ ತೆಗೆದು, ಅವರ ಮುಂದೆಯೂ ಪುಸ್ತಕ ಹಿಡಿದ. 'ಒಂಬತ್ತು ದಾಟಿದೆ ಸಾರ್, ಹೆಸರು ಬರೀರಿ' ಅಂತ."

"ಬರೆದ್ರಾ ಸಾರ್?"

"ಬರೆದ್ರು. ಆಮೇಲೆ ನನ್ನ ಕೋಣೆಗೆ ಬಂದು ನನ್ನನ್ನ ಹುರಿದು ಮುಕ್ಕಿದ್ರು. ನಾನು ಇವನಿಗೆ ಮೆಮೊ ಕೊಟ್ಟೆ. ಒಂದಲ್ಲ, ಮೂರು." ಅವರು ಕೋಲಿನಿಂದ ಬೇಕರಿಯವನ ತೊಡೆಯತ್ತ ತೋರಿಸಿದರು. "ಆ ಪುಸ್ತಕವೇ ಇರಬೇಕು. ಹುಡುಕಿ."

ಅವಳು ಬೇಕರಿಯವನ ಹೆಗಲ ಮೇಲಿಂದ ಬಗ್ಗಿದಳು. ಅಧಿಕಾರಿಯ ಸೊಟ್ಟ ಸಹಿ ಸಿಕ್ಕಿತು. ಅದರ ಕೆಳಗಿನ ಸಾಲಿನಲ್ಲಿ ಗೇಟಣ್ಣನ ದುಂಡನೆಯ ಅಕ್ಷರ. ತರಗತಿ ಎಂಬಲ್ಲಿ 'ಗೇಟು'. ಬಂದ ಸಮಯ 9.27. ಕಾರಣ: 'ಮಗುವನ್ನು ಶಾಲೆಗೆ ಬಿಟ್ಟು ಬಂದೆ.' ಅದರ ಹಿಂದಿನ ದಿನವೂ ಅದೇ ಸಾಲು. ಮುಂದಿನ ದಿನವೂ. ಅವಳು ಹಾಳೆ ತಿರುವಿದಳು, ಮತ್ತೆ ತಿರುವಿದಳು. ಅವಳ ಹೆಸರು ಬೀಳಬೇಕಿದ್ದ ಒಂದೊಂದು ದಿನವೂ ಅವನು ತನ್ನ ಹೆಸರನ್ನೇ ಬರೆದುಕೊಂಡಿದ್ದ.

"ಮೂರು ಮೆಮೊಗೂ ಇದೇ ಉತ್ತರ" ಅಂದರು ಹೆಡ್‌ಮಾಸ್ಟರು. "ನಿಯಮ ನಿಯಮವೇ ಅಂದ್ಕೊಂಡೆ. ಯಾವ ಮಗು ಅಂತ ಕೇಳಲೇ ಇಲ್ಲ."

"ನಾನೇ ಸಾರ್ ಆ ಮಗು" ಅಂದಳು ತಂಗಿ.

ಅವರು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. "ಏನು ಮಾಡ್ಕೊಂಡಿದೀಯಮ್ಮ?"

"ಅದೇ ಚಿಕ್ಕ ಮಕ್ಕಳ ಶಾಲೇಲಿ ಟೀಚರ್ ಸಾರ್. ಬಾಗಿಲು ಈಗ ಎಂಟೂಮುಕ್ಕಾಲಿಗೇ ತೆಗೀತೀವಿ."

ಅಕ್ಕ ಮೇಜಿನ ಬಳಿಗೆ ಬಂದಳು. ಹೆಸರು ಬರೆದಳು. ತರಗತಿ ಎಂಬಲ್ಲಿ ಹತ್ತು ಎಂದು ಬರೆದಳು. ಸಮಯ, 4.05. ಕಾರಣದ ಜಾಗದಲ್ಲಿ 'ಪಾಳಿ' ಎನ್ನುವ ತನಕ ಬಂದು ಪೆನ್ನು ನಿಂತಿತು. ಓದುವವನು ಒಳಗೆ ಮಲಗಿದ್ದಾನೆ. ಇನ್ನು ಎಣಿಸುವವರು ಮಾತ್ರ ಉಳಿದದ್ದು. ಏನು ಬರೆದರೂ ನಡೆಯುತ್ತಿತ್ತು.

ಅವಳು ಬರೆದದ್ದನ್ನು ಹೊಡೆದುಹಾಕಿದಳು. ಇರುವೆಯಂಥ ಅಕ್ಷರಗಳಲ್ಲಿ ಬರೆದಳು: 'ಪಾಳಿಯವನು ಬೇಗನೇ ಬಂದಿದ್ದ. ನೀವು ಮಲಗಿದ್ದನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಎರಡು ತಿಂಗಳು ತಡವಾಯಿತು.'

ಗೇಟಣ್ಣನ ಹೆಂಡತಿ ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದಿದಳು. ಕೊನೆಗೆ ಬಂದು, ಮತ್ತೆ ಮೊದಲಿನಿಂದ ಓದಿದಳು.

"ಸರಿ" ಅಂದಳು. "ಒಳಗೆ ಹೋಗು."

ಒಳಗೆ ಗೇಟಣ್ಣ ಇಸ್ತ್ರಿ ಮಾಡಿದ ಖಾಕಿ ಅಂಗಿಯಲ್ಲಿ ಮಲಗಿದ್ದ. ಅಷ್ಟುದ್ದದ ಆಳು ಮಂಚದ ತುದಿಯವರೆಗೂ ಇದ್ದ. ಅವನು ಮಲಗಿದ್ದು ಹಾಗಿರಲಿ, ಕೂತದ್ದನ್ನೂ ಅವಳು ಕಂಡವಳಲ್ಲ. ಇದ್ದ ಒಂದು ಸ್ಟೂಲು ಎರಡು ವರ್ಷ ತಂಗಿಯದಾಗಿತ್ತು. ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅವಳು ಪಕ್ಕದಲ್ಲಿ ನಿಂತು, ಅಂಗಿಯ ಜೇಬಿನ ಮೇಲಿನ ಗುಂಡಿ ಹಾಕಿರಲಿಲ್ಲವೆಂದು ಅದನ್ನು ಹಾಕಿದಳು.

"ಬಂದೆ ಗೇಟಣ್ಣ" ಅಂದಳು. "ಇಬ್ಬರೂ ಬಂದಿದೀವಿ."

ನಾಲ್ಕೂಕಾಲಿಗೆ ಸರಿಯಾಗಿ ಮಂಚ ಎತ್ತಿದರು. ಬಸ್ಸು ಓಡಿಸುವವಳೂ ಒಂದು ಮೂಲೆಗೆ ಹೆಗಲು ಕೊಟ್ಟಳು. ವ್ಯಾನಿನವನು ಬಾಗಿಲು ಮುಚ್ಚಲು ಹೋದಾಗ, ಬೀದಿಯ ತುದಿಯಿಂದ ಬೂದು ಕೂದಲಿನ ಒಬ್ಬಾತ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಾ ಓಡಿಬರುತ್ತಿದ್ದ.

"ಇನ್ನು ಆಗಲ್ಲ, ಹೊತ್ತಾಯ್ತು" ಅಂದ ವ್ಯಾನಿನವನು.

"ತಡೆಯಪ್ಪ" ಎಂಬ ದನಿ ಬಂತು. ಅವಳು ತಿರುಗಿ ನೋಡಿದಳು. ಹೆಡ್‌ಮಾಸ್ಟರು ಗೇಟಿನಲ್ಲಿ ನಿಂತಿದ್ದರು. ಮುಚ್ಚಿಕೊಳ್ಳುತ್ತಿದ್ದ ಗೇಟಿಗೆ ಕೋಲನ್ನು ಅಡ್ಡ ಕೊಟ್ಟು, ಪುಸ್ತಕವನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಪೆನ್ನು ಚಾಚಿದ್ದರು. ಅದರ ದಾರ ಗಾಳಿಗೆ ತೂಗುತ್ತಿತ್ತು.