ಐದನೆಯ ಹಲ್ಲು

"ನೀವು ಹೋಗುವ ಮೊದಲು ಈ ಮುದ್ರೆಗಳ ಚಿತ್ರವನ್ನು ಆ ಕುರುಬರಿಗೆ ಯಾರೂ ತೋರಿಸಿಲ್ಲ ಅನ್ನುವುದು ಖಾತ್ರಿಯೇ?"

ಜೀಪು ಸೊಲ್ಲಾಪುರದಾಚೆಯ ಕುಂಭಾರಿ ಊರು ದಾಟುವಾಗ ಪುಣೆಯ ಪ್ರಾಧ್ಯಾಪಕರು ಮರಾಠಿಯಲ್ಲಿ ಇದನ್ನು ಮೂರನೇ ಸಲ ಕೇಳಿದರು. ಹಿಂದಿನ ಸೀಟಿನಲ್ಲಿ ಕಾಗದದ ಗಂಟನ್ನು ಎದೆಗೆ ಅವಚಿಕೊಂಡು ಕೂತಿದ್ದ ಸಾತಲಿಂಗಪ್ಪನವರು ಮೂರನೇ ಸಲವೂ "ಖಾತ್ರಿ" ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಯಾರೂ ತೋರಿಸಿಲ್ಲವೆಂದು ತಮ್ಮ ಪ್ರಬಂಧದ ಮೊದಲ ಪುಟದಲ್ಲೇ ಬರೆದು ಸಹಿ ಹಾಕಿದ್ದರು.

ಸೊಲ್ಲಾಪುರದ ನವಿ ಪೇಠೆಯಲ್ಲಿ ಅವರ ಮನೆತನದ ಬಟ್ಟೆ ಅಂಗಡಿ. ಗಲ್ಲೆಯ ಮೇಲೆ ಕೂಡುವವನು ತಮ್ಮ ನಾಗಣ್ಣ. ಅಣ್ಣ ಕೂಡುವುದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಸಿಂಧೂ ಕಣಿವೆಯ ಮುದ್ರೆಗಳ ಫೋಟೋಗಳ ಮುಂದೆ. ಆ ಮುದ್ರೆಗಳ ಮೇಲಿನ ಬರಹವನ್ನು ಜಗತ್ತಿನಲ್ಲಿ ಯಾರೂ ಓದಿಲ್ಲ ಎಂದು ಪತ್ರಿಕೆಯಲ್ಲಿ ಕಂಡ ದಿನದಿಂದ ಅವರಿಗೆ ಹಿಡಿದ ಹುಚ್ಚು ಇದು. ಅದಕ್ಕಾಗಿ ತಮಿಳು ಕಲಿತರು, ಪ್ರಾಕೃತ ಕಲಿತರು, ಮೌಲ್ವಿಯೊಬ್ಬರ ಕಾಲು ಹಿಡಿದು ಫಾರಸಿ ಕಲಿತರು, ಟಪಾಲಿನಲ್ಲಿ ತರಿಸಿದ ವ್ಯಾಕರಣ ಹಿಡಿದು ಸುಮೇರಿಯನ್ ಭಾಷೆಯನ್ನೂ ಕಲಿತರು. ಆ ಕೊನೆಯದನ್ನು ಮಾತಾಡುವವರು ಭೂಮಿಯ ಮೇಲೆ ಉಳಿದಿಲ್ಲವೆಂದು ತಿಳಿದಾಗ ನಾಗಣ್ಣ ಒಂದು ದಿನವಿಡೀ ನಕ್ಕಿದ್ದ. ಮೀನು ತಿನ್ನುವುದಿರಲಿ, ಮೀನಿನ ಅಂಗಡಿಯಿರುವ ಓಣಿಯಲ್ಲೂ ಹಾಯದ ಮನೆತನ. ಆದರೆ ಮುದ್ರೆಯ ಮೀನಿನ ಗುರುತಿಗಾಗಿ ಆಯಸ್ಸು ಸವೆಸಿದ ಅವರಿಗೆ ಪೇಠೆಯ ಜನ ಇಟ್ಟ ಹೆಸರು ಮೀನಿನ ಸಾವಕಾರ.

ಈಗ ಅವರಿಗೆ ಅರವತ್ತಾರು. ಎಡಗಣ್ಣಿನಲ್ಲಿ ಪೊರೆ ಬಂದಿತ್ತು. ಎರಡು ವರ್ಷದ ಹಿಂದೆ ಗ್ರೀಸಿನ ದ್ವೀಪವೊಂದರ ಹಳೆಯ ಲಿಪಿಯನ್ನು ಇನ್ನೂ ಮೂವತ್ತು ಚಿಲ್ಲರೆ ವಯಸ್ಸಿನ ಒಬ್ಬಾತ ಓದಿಬಿಟ್ಟ ಸುದ್ದಿ ಬಂದಾಗ ಅವರು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಸಿಂಧೂ ಮುದ್ರೆಗಳ ಗುರುತುಗಳು ಕುರಿಹಿಂಡಿನ ಒಡೆಯರ ಗುರುತುಗಳು ಎಂಬುದು ಅವರ ವಾದ. ಪುಣೆಯವರು ಎರಡು ಸಲ ಪ್ರಬಂಧ ಮರಳಿಸಿದ್ದರು: ಭಾಷೆಯ ವಿಚಾರ ಚೆನ್ನಾಗಿದೆ, ಪುರಾವೆ ಎಲ್ಲಿದೆ?

ಪುರಾವೆ ಹೋದ ದೀಪಾವಳಿಯ ಹೊತ್ತಿಗೆ ತಡವಳ ಎಂಬ ಹಳ್ಳಿಯ ದಾರಿಯಲ್ಲಿ ತಾನಾಗಿ ಎದುರಿಗೆ ಬಂದಿತ್ತು. ಹಿಂಡಿನ ಮುಂದೆ ನಡೆಯುತ್ತಿದ್ದ ಟಗರಿನ ಪಕ್ಕೆಯ ಮೇಲೆ ಕಾವಿಯಿಂದ ಬರೆದ ಮೂರು ಗುರುತು: ಮೀನು, ಗಡಿಗೆ, ಬಾಚಣಿಗೆ. ಮುದ್ರೆಯಲ್ಲಿದ್ದ ಅದೇ ಸಾಲು. "ನಮ್ಮ ಹಿರ್ಯಾರ ಕಾಲದ್ದರಿ" ಎಂದಿದ್ದ ಹಿಂಡಿನ ಕುರುಬ ಅಮೋಗಸಿದ್ಧ.

ಇನ್ನೊಂದು ವಿಷಯವಿತ್ತು. ಮುದ್ರೆಯ ಬಾಚಣಿಗೆಗೆ ನಾಲ್ಕು ಹಲ್ಲು. ತಡವಳದ ಟಗರಿನ ಬಾಚಣಿಗೆಗೆ ಐದು. ಐದು ಹಲ್ಲಿನದೇ ಹಳೆಯ ರೂಪ, ಕುರುಬರಲ್ಲಿ ಅದು ಉಳಿದುಬಂದಿದೆ ಎಂದು ಸಾತಲಿಂಗಪ್ಪನವರು ಹನ್ನೆರಡು ಪುಟ ಬರೆದಿದ್ದರು. ಪ್ರಾಧ್ಯಾಪಕರನ್ನು ಪುಣೆಯಿಂದ ಎಬ್ಬಿಸಿ ತಂದದ್ದೇ ಆ ಹನ್ನೆರಡು ಪುಟ.

"ಕುರುಬರು ಪುಸ್ತಕ ನೋಡಿ ಬರೆದಿದ್ದರೆ ನಾಲ್ಕೇ ಇರಬೇಕಿತ್ತು," ಎಂದರು ಪ್ರಾಧ್ಯಾಪಕರು, ಕ್ಯಾಮೆರಾದ ಚೀಲ ಸರಿಪಡಿಸಿಕೊಳ್ಳುತ್ತ. "ಇವತ್ತು ಕಣ್ಣಾರೆ ನೋಡಿದರೆ ನಿಮ್ಮ ಪ್ರಬಂಧವನ್ನು ನಮ್ಮ ಸಂಸ್ಥೆಯೇ ಪುಸ್ತಕವಾಗಿ ಅಚ್ಚು ಹಾಕಿಸುತ್ತದೆ."

ಸಾತಲಿಂಗಪ್ಪನವರು ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡರು. ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ ಹೆಂಡತಿ ಉಮಾಬಾಯಿ, "ಇವತ್ತರ ಮುಗೀತದೇನ್ರಿ?" ಎಂದು ಕೇಳಿದ್ದಳು. "ಮುಗೀತದ" ಎಂದು ಬಂದಿದ್ದರು.

ಅಕ್ಕಲಕೋಟೆ ದಾಟಿ ತಡವಳ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಕುರುಬರ ದೇವರಾದ ಬೀರಪ್ಪನ ಗುಡಿಯ ಮುಂದೆ, ಬೇವಿನ ಮರದ ಕೆಳಗೆ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಕತ್ತರಿಸಿದ ಮರುಗಳಿಗೆಯಲ್ಲಿ ಟಗರಿಗೆ ಕಾವಿಯ ಗುರುತು ಬರೆಯುವುದು ಅವರ ಪದ್ಧತಿ. ಅಮೋಗಸಿದ್ಧ ಒಂದು ಟಗರನ್ನು ಮೊಣಕಾಲ ನಡುವೆ ಹಿಡಿದು ಮೀನು, ಗಡಿಗೆ, ಬಾಚಣಿಗೆ ಬರೆದ. ಪ್ರಾಧ್ಯಾಪಕರು ಕೂತು, ನಿಂತು, ಮಂಡಿಯೂರಿ ಫೋಟೋ ತೆಗೆದರು. ಹಲ್ಲುಗಳನ್ನು ಬೆರಳು ಮಾಡಿ ಎಣಿಸಿದರು. ಐದು. ಅವರ ಮುಖ ಅರಳಿದ್ದನ್ನು ಸಾತಲಿಂಗಪ್ಪನವರು ಒಂದೇ ಕಣ್ಣಿನಲ್ಲಿ ಕಂಡು ಹಿಗ್ಗಿದರು.

ಅಷ್ಟರಲ್ಲಿ ಅಮೋಗಸಿದ್ಧನ ತಾಯಿ ರೇವಮ್ಮ ಗುಡಿಯೊಳಗಿಂದ ಬಂದಳು. ಕೈಯಲ್ಲಿ ಒಂದು ತಗಡಿನ ಡಬ್ಬಿ.

"ಕೂಡ್ರಿ ಸಾವ್ಕಾರ್ರ, ಕಂಬಳಿ ಮ್ಯಾಲ ಕೂಡ್ರಿ," ಎಂದಳು. "ದೊಡ್ಡ ಸಾಹೇಬ್ರು ಅಷ್ಟ ದೂರದಿಂದ ಬಂದಾರ. ಬರೇ ಟಗರ ನೋಡಿ ಹ್ವಾದ್ರ ಹ್ಯಾಂಗ? ದೇವರ ಕಾಗದಾನೂ ನೋಡಲಿ."

"ಯಾವ ಕಾಗದಾ ಅವ್ವಾ?"

"ಇದನ್ನ ಬರದ ಕೊಟ್ಟ ಕಾಗದಾರಿ. ಇಂವ ಆಗ ಸಣ್ಣಾಂವ, ಇಂವಗ ನೆನಪಿಲ್ಲ. ಆ ವರ್ಸ ಕುರಿಗೆ ರೋಗ ಬಿದ್ದಿತ್ತು. ದಿನಕ್ಕ ನಾಕ, ಐದ ಸಾಯತಿದ್ದವು. ನಮ್ಮನಿಯವ್ರು ಉಳಿದ ಕುರಿ ಮಾರಾಕ ಅಕ್ಕಲಕೋಟಿ ಸಂತಿಗಿ ಹೋಗಿದ್ರು. ಅಲ್ಲಿ ಬಿಳೇ ಧೋತರದ ಸ್ವಾಮಿ ಒಬ್ರು ಕರದು, ಒಂದ ಪೈ ಇಸಗೊಳ್ಳದ ಇದನ್ನ ಕೊಟ್ರಂತ. ಅಕ್ಕಲಕೋಟಿ ಅಂದ್ರ ಸ್ವಾಮಿಗಳ ಊರಲ್ರಿ? ಬೀರಪ್ಪನ ಮುಂದ ಇಟ್ಟು, ಭಂಡಾರ ಹಚ್ಚಿ, ಇದರಾಗ ಇದ್ದಂಗ ಟಗರಿಗಿ ಬರದ್ವಿ. ಅವತ್ತಿಂದ ಒಂದ ಕುರಿ ಸಾಯಲಿಲ್ಲ."

ಅವಳು ಡಬ್ಬಿ ತೆರೆದು, ಭಂಡಾರದ ಅರಿಶಿನದಲ್ಲಿ ಮುಳುಗಿದ್ದ ಕಾಗದವನ್ನು ಎರಡೂ ಕೈಯಿಂದ ಎತ್ತಿ ಅವರ ಅಂಗೈಯಲ್ಲಿ ಇಟ್ಟಳು. ಸಾತಲಿಂಗಪ್ಪನವರು ಅದನ್ನು ಊದಿದರು. ಮೀನು, ಗಡಿಗೆ, ಐದು ಹಲ್ಲಿನ ಬಾಚಣಿಗೆ. ಮಗುಚಿ ನೋಡಿದರು. ಹಿಂಬದಿಯಲ್ಲಿ ಅಚ್ಚಾದ ಒಂದು ನವಿಲು, ಅದರ ಕೆಳಗೆ ತಮ್ಮದೇ ಅಂಗಡಿಯ ಹೆಸರು. ಬಟ್ಟೆಯ ಥಾನಿನ ಸುರುಳಿಗಳಿಗೆ ಅಂಟಿಸುವ ಚೀಟಿ.

ಇಪ್ಪತ್ತೆರಡು ವರ್ಷದ ಹಿಂದಿನ ಆ ಸಂತೆ ಈಗ ನೆನಪಾಯಿತು. ಹತ್ತು ಚೀಟಿಗಳ ಹಿಂದೆ ಗುರುತು ಬರೆದುಕೊಂಡು ಹೋಗಿ, ಕಂಡ ಕಂಡ ಕುರುಬರನ್ನು ಕರೆದು, ನಿಮ್ಮಲ್ಲಿ ಇಂಥದ್ದು ಇದ್ದರೆ ಮುಂದಿನ ಸಂತೆಗೆ ಬಂದು ಹೇಳಿರಿ ಎಂದು ಹಂಚಿದ್ದರು. ಮುಂದಿನ ಸಂತೆಗೆ ಯಾರೂ ಬರಲಿಲ್ಲ. ನಾಚಿಕೆಪಟ್ಟು ಆ ವಿಷಯ ಮರೆತರು. ಆಗ ಅವರ ಬಳಿ ಒಳ್ಳೆಯ ಫೋಟೋಗಳಿರಲಿಲ್ಲ. ಪತ್ರಿಕೆಯ ಮಸಿ ಕದಡಿದ ಚಿತ್ರ ನೋಡಿ ಬರೆದದ್ದು. ನಾಲ್ಕು ಹಲ್ಲನ್ನು ಐದು ಮಾಡಿದವರು ಅವರೇ. ಹನ್ನೆರಡು ಪುಟ ಬರೆದದ್ದು ತಮ್ಮದೇ ತಪ್ಪಿನ ಮೇಲೆ.

ಪ್ರಾಧ್ಯಾಪಕರು ಇನ್ನೊಂದು ಟಗರಿನ ಹಿಂದೆ ಇದ್ದರು. ರೇವಮ್ಮನಿಗೆ ಓದಲು ಬಾರದು, ಅಮೋಗಸಿದ್ಧನಿಗೂ ಬಾರದು. ಕಾಗದ ಮೂರು ಬೆರಳಿನಷ್ಟೇ ಅಗಲ ಇತ್ತು. ಅವರ ಬಲಗೈ ಅದನ್ನು ಮಡಿಚಿತು, ಕೋಟಿನ ಕಿಸೆಯ ತನಕ ಒಯ್ದಿತು.

"ಅದೇನು?" ಪ್ರಾಧ್ಯಾಪಕರು ತಿರುಗಿ ನೋಡಿದ್ದರು.

ದೇವರ ಪ್ರಸಾದ ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಪ್ರಾಧ್ಯಾಪಕರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹತ್ತಿರ ಬಂದರು. ಸಾತಲಿಂಗಪ್ಪನವರು ಅವರ ಬೂಟುಗಳನ್ನು ನೋಡುತ್ತ ನಿಂತರು. ಹತ್ತು ಹೆಜ್ಜೆ ಇತ್ತು, ಆಮೇಲೆ ಆರು, ಆಮೇಲೆ ಎರಡು.

"ಇದು ನನ್ನ ಅಕ್ಷರ," ಎಂದು ಮರಾಠಿಯಲ್ಲಿ ಹೇಳಿ ಕಾಗದ ಅವರ ಕೈಗೆ ಕೊಟ್ಟುಬಿಟ್ಟರು.

ಪ್ರಾಧ್ಯಾಪಕರು ಎರಡೂ ಬದಿ ನೋಡಿದರು. ಸಂತೆಯ ಸಂಗತಿ ಕೇಳಿಸಿಕೊಂಡರು. ಕ್ಯಾಮೆರಾದ ಮುಚ್ಚಳ ಹಾಕಿದರು.

"ಕಿಸೆಯಲ್ಲಿ ಇಟ್ಟುಕೊಂಡಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ."

"ಕೈ ಹೋಗಿತ್ತು. ಕಿಸೆಯ ತನಕ ಹೋಗಿತ್ತು."

ಪ್ರಾಧ್ಯಾಪಕರು ಕಾಗದವನ್ನು ಮರಳಿ ಅವರ ಕೈಗಿಟ್ಟು, ಭುಜ ಮುಟ್ಟಿ, "ಜೀಪಿನ ಹತ್ತಿರ ಇರುತ್ತೇನೆ, ಸಾವಕಾಶ ಬನ್ನಿ," ಎಂದು ಹೋದರು. ಮೆತ್ತಗಿನ ಆ ಮಾತೇ ಸಾತಲಿಂಗಪ್ಪನವರಿಗೆ ತಡೆಯದಾಯಿತು. ಬೈದಿದ್ದರೆ ಚೆನ್ನಾಗಿತ್ತು. ಕಂಬಳಿಯ ಮೇಲೆ ಕುಕ್ಕರಿಸಿದರು. ಗಂಟು ಜಾರಿ, ಪ್ರಬಂಧದ ಹಾಳೆಗಳು ಉಣ್ಣೆಯ ರಾಶಿಯಲ್ಲಿ ಬಿದ್ದವು. ಕಣ್ಣೀರು ಒರೆಸಿಕೊಂಡ ಬೆರಳಿನ ಭಂಡಾರ ಕೆನ್ನೆಗೆ ಹತ್ತಿತು.

ರೇವಮ್ಮ ಅವರನ್ನೇ ನೋಡುತ್ತಿದ್ದಳು. ಪುಣೆಯ ಮರಾಠಿ ಪೂರಾ ತಿಳಿಯದಿದ್ದರೂ ಒಂದು ಮಾತು ಅವಳ ಕಿವಿಗೆ ಬಿದ್ದಿತ್ತು.

"ಅಕ್ಷರ ನಿಮ್ಮದೇನ್ರಿ? ಹಂಗಾರ ಆ ಸ್ವಾಮಿ ನೀವೇನ್ರಿ?"

"ಸ್ವಾಮಿ ಅಲ್ಲವ್ವಾ. ಬಟ್ಟಿ ಅಂಗಡಿಯಾಂವ."

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. ದನಿ ತಗ್ಗಿಸಿ ಕೇಳಿದಳು. "ನಮ್ಮನಿಯವ್ರು ಸಾಯೋ ತನಕಾ ಕೇಳತಿದ್ರಿ, ಇದರಾಗ ಏನ ಬರದಾರೋ ಏನೋ ಅಂತ. ಏನ ಬರದದ್ರಿ?"

ಇದಕ್ಕೆ ಉತ್ತರ ಹೇಳಲೆಂದೇ ಅವರು ನಾಲ್ಕು ಭಾಷೆ ಕಲಿತಿದ್ದರು. ನೂರಾ ನಲವತ್ತು ಪುಟದ ಉತ್ತರ ಕಾಲ ಬಳಿ ಬಿದ್ದಿತ್ತು.

"ಗೊತ್ತಿಲ್ಲವ್ವಾ," ಎಂದರು. ಆ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

"ನಮಗೂ ಗೊತ್ತಿಲ್ರಿ," ಎಂದಳು ರೇವಮ್ಮ. "ಆದ್ರ ಕುರಿ ಉಳದಾವ." ಉಣ್ಣೆ ಅಂಟಿದ ಹಾಳೆಗಳನ್ನು ಒಂದೊಂದೇ ಆರಿಸಿ, ಜಾಡಿಸಿ, ಅವರ ಪಕ್ಕದಲ್ಲಿಟ್ಟಳು. "ಕಾಗದಾ ಹರಿಯಾಕ ಬಂದದ. ಈ ಹುಡುಗ ಒಂದೊಂದ ಸಲ ಒಂದೊಂದ ನಮೂನಿ ಬರೀತಾನ. ಬರದ ಕೈ ಬಂದದ ಅಂದ ಮ್ಯಾಲ ಒಂದ ಸಲ ನೀವ ಬರೀರಿ. ಇಂವ ನೋಡಿ ಕಲೀಲಿ."

ಅಮೋಗಸಿದ್ಧ ಆಗಲೇ ಮುಂದಿನ ಟಗರನ್ನು ತಂದು ಹಿಡಿದಿದ್ದ. ಹೊಸದಾಗಿ ಕತ್ತರಿಸಿದ ಮೈ ಬೆಳ್ಳಗಿತ್ತು. ರೇವಮ್ಮ ಕಾವಿಯ ಬಟ್ಟಲನ್ನೂ ಜಜ್ಜಿದ ಬೇವಿನ ಕಡ್ಡಿಯನ್ನೂ ಮುಂದೆ ಮಾಡಿದಳು. ದೂರದಲ್ಲಿ ಡ್ರೈವರ್ ಜೀಪಿನ ಹಾರನ್ ಒತ್ತಿದ. ಪ್ರಾಧ್ಯಾಪಕರು ಅವನಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿದ್ದು ಕಂಡಿತು.

ಸಾತಲಿಂಗಪ್ಪನವರು ಧೋತರ ಎತ್ತಿ ಕಟ್ಟಿ ಮಂಡಿಯೂರಿದರು. ಕಡ್ಡಿಯನ್ನು ಅದ್ದಿ ಮೀನು ಬರೆದರು. ಗಡಿಗೆ ಬರೆದರು. ಬಾಚಣಿಗೆಯ ಅಡ್ಡಗೆರೆ ಎಳೆದು, ಅದರ ಕೆಳಗೆ ಒಂದು ಹಲ್ಲು, ಎರಡು, ಮೂರು, ನಾಲ್ಕು. ಮುದ್ರೆಯಲ್ಲಿ ಇದ್ದದ್ದು ಅಷ್ಟೇ; ಕೈ ಅಲ್ಲಿಗೆ ನಿಂತಿತು. ಕಡ್ಡಿಯ ತುದಿಯಿಂದ ಒಂದು ಹನಿ ಕಾವಿ ಧೋತರದ ಮೇಲೆ ಬಿತ್ತು. ರೇವಮ್ಮ ಬಗ್ಗಿ ನೋಡುತ್ತಿದ್ದಳು. ಅಮೋಗಸಿದ್ಧ ಟಗರನ್ನು ಅಲುಗದಂತೆ ಹಿಡಿದಿದ್ದ.

ಅವರು ಮತ್ತೊಮ್ಮೆ ಕಡ್ಡಿ ಅದ್ದಿ, ಐದನೆಯದನ್ನೂ ಎಳೆದರು. ಟಗರು ಒಮ್ಮೆ ಮೈ ಜಾಡಿಸಿ ಹಿಂಡಿನೊಳಗೆ ನಡೆಯಿತು.