ಹಳದಿ ಕಾರನ್ನು ತಗ್ಗಿಸಿದ್ದು

ಅಣ್ಣ ತಮ್ಮ ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ಕೇಳಿದವರು, ಇವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಗುತ್ತಿದ್ದರು. ತಮ್ಮನ ಕಸುಬು ಚಿತ್ರಗಳಿಗೆ ಚೌಕಟ್ಟು ಕಟ್ಟುವುದು. ಅಪ್ಪ ತೀರಿಕೊಂಡಾಗ ಅವರ ಫೋಟೋಗೆ ತಾನೇ ಕೂತು ಚೌಕಟ್ಟು ಕಟ್ಟಿ ಗೋಡೆಗೆ ಹಾಕಿದ್ದ. ಅಣ್ಣ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ನೆಂಟರೆಲ್ಲರ ಎದುರಿಗೆ ಜೇಬಿನಿಂದ ಟೇಪು ತೆಗೆದು, ಅಳೆದು, ಎಡಗಡೆ ಮೂರು ಮಿಲಿಮೀಟರು ಇಳಿದಿದೆ ಎಂದ. ತಮ್ಮ ಏನೂ ಹೇಳಲಿಲ್ಲ. ಆಮೇಲೂ ಏನೂ ಹೇಳಲಿಲ್ಲ.

ಅಣ್ಣನ ಸಂಸಾರ ಕೆಳಗಿನ ಮನೆಯಲ್ಲಿ, ತಮ್ಮ ಒಬ್ಬನೇ ಮಹಡಿಯಲ್ಲಿ. ನಡುವೆ ಮೆಟ್ಟಿಲು, ಮೆಟ್ಟಿಲ ಮೇಲೆ ಅತ್ತಿಗೆ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುತ್ತಾರೆ. ಅತ್ತಿಗೆಗೆ ಸಿಕ್ಕಿದ್ದು ಮಂಡಿನೋವು. ನೀರಿನ ಮೋಟಾರು ಆರಿಸು, ಗೇಟಿಗೆ ಬೀಗ ಹಾಕು ಎಂಬುದನ್ನೆಲ್ಲ ಅವಳು ಹೊತ್ತುಕೊಂಡು ಹತ್ತಿ ಇಳಿಯಬೇಕು.

ಅಪ್ಪ ಇಬ್ಬರ ಹೆಸರಿಗೂ ಸೇರಿಸಿ ಬಿಟ್ಟುಹೋದದ್ದು ಹಿತ್ತಲ ಶೆಡ್ಡಿನಲ್ಲಿದ್ದ ಹಳದಿ ಸ್ಪೋರ್ಟ್ಸ್ ಕಾರು. ನಲವತ್ತು ವರ್ಷ ಹಳೆಯದು, ಎರಡೇ ಸೀಟು. ಒಂದು ಭಾನುವಾರ ಅಣ್ಣ ಓಡಿಸಿದರೆ ಮುಂದಿನ ಭಾನುವಾರ ತಮ್ಮ. ಈ ಕಾರಿನ ಒಂದು ಸಂಗತಿ ತಮ್ಮನ ಕಣ್ಣಿಗೆ ಮರಳಿನ ಹಾಗೆ ಚುಚ್ಚುತ್ತಿತ್ತು. ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸಂದು. ಚಿತ್ರದ ಸುತ್ತ ಎಷ್ಟು ಅಂಚು ಬಿಡಬೇಕೆಂದು ದಿನವಿಡೀ ಯೋಚಿಸುವವನಿಗೆ ಅದು ಗಿಡ್ಡ ಪ್ಯಾಂಟು ತೊಟ್ಟು ಮದುವೆಗೆ ಬಂದವನಂತೆ ಕಾಣುತ್ತಿತ್ತು. ಗಿಡ್ಡ ಸ್ಪ್ರಿಂಗು ಹಾಕಿ ಎರಡು ಬೆರಳು ತಗ್ಗಿಸಬೇಕೆಂದು ಅತ್ತಿಗೆಯ ಕೈಲಿ ಹೇಳಿಕಳಿಸಿದ.

ಉತ್ತರ ಮೂರು ದಿನದ ಮೇಲೆ ಬಂತು. ತಗ್ಗಿಸಲಿ. ಆದರೆ ತಗ್ಗಿಸಿದ ಮೇಲೆ ಎಡಕ್ಕೂ ಬಲಕ್ಕೂ ಅರ್ಧ ಬೆರಳು ಹೆಚ್ಚುಕಮ್ಮಿ ಕಂಡರೂ ಕಾರು ಮಾರಿಬಿಡುವುದು. ಅಣ್ಣ ಮಿಲಿಮೀಟರಿನಲ್ಲಿ ಹೇಳಿದ್ದನ್ನು ಅತ್ತಿಗೆ ಬೆರಳಿಗೆ ಇಳಿಸಿ ಹೇಳಿದಳು.

ತಮ್ಮ ಒಪ್ಪಿದ. ಒಪ್ಪಿದ ಮೇಲೆ ಹೆದರಿಕೆಯಾಯಿತು. ಕಾರು ಹೋದರೆ ಇಬ್ಬರ ನಡುವೆ ಇನ್ನೇನೂ ಉಳಿಯುವುದಿಲ್ಲ. ಮಾತಾಡದೆ ಇರುವುದಕ್ಕೂ ಒಂದು ವಿಷಯ ಬೇಕಲ್ಲ.

ಬೀದಿ ಕೊನೆಯ ಗ್ಯಾರೇಜಿನ ಒಡತಿಯನ್ನು ಎಲ್ಲರೂ ಗ್ರೀಸಕ್ಕ ಎನ್ನುತ್ತಿದ್ದರು. ಅವಳು ಶನಿವಾರ ಬಂದು, ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಳೆಯ ಸ್ಪ್ರಿಂಗು ಬಿಚ್ಚಿ ಹೊಸದು ಕೂರಿಸಿದಳು. ಬೋಲ್ಟುಗಳನ್ನು ಕೈಯಲ್ಲಿ ಸಡಿಲವಾಗಿ ತಿರುಗಿಸಿ, ಉಳಿದದ್ದು ನಾಳೆ, ಯಾರೂ ಮುಟ್ಟಬೇಡಿ ಎಂದು ಹೋದಳು. ಅರ್ಧ ಬೆರಳಿನ ಮಾತು ತಲೆಯಲ್ಲಿ ಕೊರೆಯುತ್ತಿದ್ದವನಿಗೆ ಸಡಿಲ ಬೋಲ್ಟು ಕಂಡರೆ ಸುಮ್ಮನಿರಲಾದೀತೇ? ಚೌಕಟ್ಟಿನ ಕೆಲಸದಲ್ಲಿ ಒಂದೇ ನಿಯಮ: ನಾಲ್ಕು ಮೂಲೆಯನ್ನೂ ಮೊದಲು ಬಿಗಿ ಮಾಡು, ಆಮೇಲೆ ಗೋಡೆಗೆ ಹಾಕು. ಅವನು ಕಾರಿನಡಿ ನಿಂತು ಕೆಲಸ ಮಾಡಲೆಂದು ಅಪ್ಪ ತೋಡಿಸಿದ್ದ ಶೆಡ್ಡಿನ ಹಳ್ಳಕ್ಕೆ ಇಳಿದು, ಒಂದೊಂದು ಬೋಲ್ಟನ್ನೂ ಹಲ್ಲು ಕಚ್ಚಿ ಬಿಗಿ ಮಾಡಿದ. ಕೊನೆಯದಕ್ಕೆ ಸ್ಪ್ಯಾನರಿಗೆ ಜೋತುಬಿದ್ದ.

ಭಾನುವಾರ ಬೆಳಿಗ್ಗೆ ಕಾರನ್ನು ನೆಲಕ್ಕೆ ಇಳಿಸಿದರು. ಅದು ಇಳಿಯಲಿಲ್ಲ. ಚಕ್ರವೇನೋ ನೆಲ ಮುಟ್ಟಿತು. ಮೈ ಮಾತ್ರ, ಕರೆಯದ ಮನೆಗೆ ಬಂದ ನೆಂಟನಂತೆ, ಕೂರಲೋ ಬೇಡವೋ ಎಂದು ಮೇಲೆಯೇ ನಿಂತಿತ್ತು. ಸಾಲದ್ದಕ್ಕೆ ಒಂದು ಮೂಲೆ ಇನ್ನೂ ಒಂದು ಬೆರಳು ಮೇಲೆ. ಅಣ್ಣ ಟೇಪು ಹಿಡಿದು ಕಾರಿನ ಸುತ್ತ ಎರಡು ಸಲ ಬಂದ. ನಾಲ್ಕು ಚಕ್ರದ ಪಕ್ಕದಲ್ಲೂ ಸೀಮೆಸುಣ್ಣದಲ್ಲಿ ಅಂಕಿ ಬರೆದ. ಆ ಅಂಕಿಗಳು ತಮ್ಮನಿಗೆ ಬೈಗುಳಕ್ಕಿಂತ ಜೋರಾಗಿ ಕೇಳಿದವು.

ಗ್ರೀಸಕ್ಕ ಹಳ್ಳಕ್ಕೆ ಇಳಿದು ನೋಡಿ ಮೇಲೆ ಬಂದಳು.

"ಇದನ್ನ ಬಿಗಿ ಮಾಡಿದ ಪುಣ್ಯಾತ್ಮ ಯಾರು?"

ತಮ್ಮ ಶೆಡ್ಡಿನ ಸೂರು ನೋಡಿದ.

"ಬೋಲ್ಟ್ ಸುತ್ತ ಒಳಗಡೆ ರಬ್ಬರ್ ಇರುತ್ತೆ, ಚೌಕಟ್ಟಣ್ಣ. ಕಾರು ಗಾಳೀಲಿ ತೂಗಾಡ್ತಿರುವಾಗ ಬಿಗಿ ಮಾಡಿದ್ರೆ, ಆ ಎತ್ತರಾನೇ ತನ್ನ ಎತ್ತರ ಅಂದ್ಕೊಂಡುಬಿಡುತ್ತೆ ಅದು. ಆಮೇಲೆ ಎಷ್ಟು ಒತ್ತಿದ್ರೂ ತಗ್ಗಲ್ಲ. ನೆಲದ ಮೇಲೆ ನಿಲ್ಲಿಸಿ, ಒಳಗೆ ಜನ ಕೂರಿಸಿ, ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು."

ಮರಳಿನ ಮೂಟೆ ಇಟ್ಟರೆ ಆಗುವುದಿಲ್ಲವೇ ಎಂದು ತಮ್ಮ ಕೇಳಿದ. ಮೂಟೆ ತರಿಸುವಷ್ಟು ಹೊತ್ತು ತನಗಿಲ್ಲ ಎಂದಳು ಗ್ರೀಸಕ್ಕ. ಅವಳ ಮಾತು ಮುಗಿಯುವ ಮೊದಲೇ ಅತ್ತಿಗೆ ಎರಡೂ ಬಾಗಿಲು ತೆರೆದು ಹಿಡಿದಿದ್ದಳು. ಸ್ಟೀರಿಂಗಿನ ಹಿಂದೆ ಅಣ್ಣನ ಹೊಟ್ಟೆ ಈಚೀಚೆಗೆ ಕಷ್ಟಪಟ್ಟೇ ಹಿಡಿಸುತ್ತಿದ್ದುದರಿಂದ ಅವನಿಗೆ ಪಕ್ಕದ ಸೀಟು, ತಮ್ಮನಿಗೆ ಸ್ಟೀರಿಂಗು. ಗ್ರೀಸಕ್ಕ ಹಳ್ಳಕ್ಕೆ ಇಳಿದು ಬೋಲ್ಟುಗಳನ್ನೆಲ್ಲ ಮತ್ತೆ ಸಡಿಲಿಸಿದ್ದಳು. ಅಣ್ಣ ಒಂದು ಕಾಲು ಒಳಗಿಟ್ಟು, ಕೈ ಬಿಟ್ಟು, ಬಾವಿಗೆ ಬಿದ್ದ ಬಿಂದಿಗೆಯಂತೆ ದಬಕ್ಕನೆ ಕೂತ. ಕಾರು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು.

ಆ ಕಾರಿನಲ್ಲಿ ಅವರಿಬ್ಬರೂ ಒಟ್ಟಿಗೆ ಕೂತದ್ದು ಆರು ವರ್ಷದಲ್ಲಿ ಅದೇ ಮೊದಲು. ಕೆಳಗೆ ಸ್ಪ್ಯಾನರು ಕಿರುಗುಟ್ಟುತ್ತಿತ್ತು. ತಮ್ಮನಿಗೆ ಅಣ್ಣನ ಉಸಿರು ಕೇಳಿಸುತ್ತಿತ್ತು. ಮೂಗಿನಲ್ಲಿ ಸಣ್ಣದೊಂದು ಸಿಳ್ಳೆ ಸೇರಿಕೊಂಡಿದೆ, ಮೊದಲು ಇರಲಿಲ್ಲ. ಒಬ್ಬ ಮನುಷ್ಯನ ಉಸಿರು ಬದಲಾಗಿದ್ದು ಗೊತ್ತಾಗದಷ್ಟು ದಿನ ಕಳೆದಿದೆ ಎಂದು ಅವನಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಸಿಟ್ಟು ಬಂದು ಸ್ಪೀಡೋಮೀಟರನ್ನು ದಿಟ್ಟಿಸಿದ.

"ಮೇಲಿರೋರು ಏನ್ ಮಾಡ್ತಿದೀರಿ?" ಹಳ್ಳದಿಂದ ಗ್ರೀಸಕ್ಕನ ದನಿ ಬಂತು. "ಭಾರ ಎಲ್ಲಾ ಎರಡೂ ಅಂಚಿಗೇ ಬೀಳ್ತಾ ಇದೆ."

ಅತ್ತಿಗೆ ಬಗ್ಗಿ ನೋಡಿದಳು. ಭುಜಕ್ಕೆ ಭುಜ ತಾಗದಿರಲೆಂದು ಇಬ್ಬರೂ ತಂತಮ್ಮ ಬಾಗಿಲಿಗೆ ಹಲ್ಲಿಯಂತೆ ಅಂಟಿಕೊಂಡಿದ್ದರು.

"ನೆಟ್ಟಗೆ ಕೂತ್ಕೊಳ್ಳಿ ಇಬ್ರೂ. ಇನ್ನೂ ಸಣ್ಣ ಮಕ್ಕಳಾ ನೀವು?"

ಇಬ್ಬರೂ ನೆಟ್ಟಗಾದರು. ಸೀಟು ಚಿಕ್ಕದು, ಭುಜಕ್ಕೆ ಭುಜ ತಾಗಿತು, ತಾಗಿಯೇ ಉಳಿಯಿತು. ಹತ್ತು ನಿಮಿಷ ಯಾರೂ ಅಲ್ಲಾಡಲಿಲ್ಲ. ಕೆಳಗೆ ಒಂದೊಂದೇ ಬೋಲ್ಟು ಬಿಗಿಯಾಯಿತು.

ಗ್ರೀಸಕ್ಕ ಕೈ ಒರೆಸಿಕೊಂಡು, ಇನ್ನು ಅಳೆದುಕೊಳ್ಳಿ ಎಂದು ಹೊರಟುಹೋದಳು. ಅಣ್ಣ ಕಿಟಕಿಯಿಂದ ಟೇಪನ್ನು ಹೆಂಡತಿಯತ್ತ ಚಾಚಿದ. ಅವಳು ಕೈ ಕಟ್ಟಿಕೊಂಡಳು. ಆರು ವರ್ಷ ಮಾತು ಹೊತ್ತದ್ದು ಸಾಕು, ಇನ್ನು ಅಳತೆಯನ್ನೂ ಹೊರಲಾರೆ, ಏನಿದ್ದರೂ ನೀವು ನೀವೇ ನೋಡಿಕೊಳ್ಳಿ ಎಂದು ಹೇಳಿ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಣ್ಣ ಇಳಿಯಲು ಹೊರಟ. ಬಾಗಿಲು ತೆರೆದು, ಸೀಟಿನ ಅಂಚು ಹಿಡಿದು, ಉಬ್ಬಸಪಟ್ಟು ಅರ್ಧ ಎದ್ದ. ನೆಲ ಅಷ್ಟು ಹತ್ತಿರವಿತ್ತು, ಕಾಲಿಗೆ ಆಸರೆಯೇ ಸಿಗಲಿಲ್ಲ. ಮತ್ತೆ ದಬಕ್ಕೆಂದ. ಇನ್ನೊಮ್ಮೆ ಎದ್ದ, ಇನ್ನೊಮ್ಮೆ ಕೂತ. ತಮ್ಮನ ಕೈ ತಾನಾಗಿ ಸ್ವಲ್ಪ ಮುಂದೆ ಬಂತು. ಅಣ್ಣ ಅದನ್ನು ನೋಡಿದ, ನೋಡಲಿಲ್ಲವೆಂಬಂತೆ ಬಾಗಿಲು ಎಳೆದುಕೊಂಡ. ಎದುರಿನ ಗೋಡೆಗೆ ಹೇಳುವವನಂತೆ ಹೇಳಿದ:

"ಸ್ಟಾರ್ಟ್ ಮಾಡು. ಒಂದು ಸುತ್ತು ಓಡಿಸಿ ನೋಡದೆ ಅಳತೆ ತಗೊಳ್ಳೋದು ಸರಿಯಲ್ಲ."

ತಮ್ಮ ಕೀಲಿ ತಿರುಗಿಸಿದ. ಒಂದು ಸುತ್ತು ಹೋದರು. ಮನೆ ಹತ್ತಿರ ಬಂದಾಗ, ಬ್ರೇಕು ಬಿಸಿಯಾಗಲಿ, ಇನ್ನೊಂದು ಸುತ್ತು ಎಂದ ಅಣ್ಣ. ಮೂರನೆಯದಕ್ಕೆ ಟೈರಿನ ಕಾರಣ ಹೇಳಿದ. ನಾಲ್ಕನೆಯದಕ್ಕೆ ಕಾರಣ ಹೇಳಲಿಲ್ಲ. ಬೀದಿಯ ಉಬ್ಬಿನ ಮೇಲೆ ಕಾರಿನ ಹೊಟ್ಟೆ ಉಜ್ಜಿದಾಗಲೆಲ್ಲ ಇಬ್ಬರೂ ಒಟ್ಟಿಗೆ ಹಲ್ಲು ಕಚ್ಚಿದರು. ಐದನೆಯ ಸುತ್ತಿನಲ್ಲಿ ಅಣ್ಣ ದನಿ ತಗ್ಗಿಸಿ, ಎಲ್ಲಾದರೂ ಎತ್ತರದ ಫುಟ್‌ಪಾತಿನ ಪಕ್ಕಕ್ಕೆ ನಿಲ್ಲಿಸು, ಅದರ ಮೇಲೆ ಕೈಯೂರಿದರೆ ಏಳಬಹುದು ಎಂದ.

ಅಂಗಡಿಸಾಲಿನ ಮುಂದೆ ಮೊಣಕಾಲೆತ್ತರದ ಫುಟ್‌ಪಾತಿತ್ತು. ತಮ್ಮ ಜೋಪಾನವಾಗಿ, ಚಿತ್ರಕ್ಕೆ ಗಾಜು ಕೂರಿಸುವಷ್ಟು ಹತ್ತಿರಕ್ಕೆ ತಂದು ನಿಲ್ಲಿಸಿದ. ಅಣ್ಣ ಬಾಗಿಲು ತಳ್ಳಿದ. ಬಾಗಿಲಿನ ಕೆಳಗಂಚು ಕಲ್ಲಿಗೆ ತಾಗಿ ಟಕ್ ಎಂದು ನಿಂತಿತು. ತಗ್ಗಿದ ಕಾರಿನ ಬಾಗಿಲು ಫುಟ್‌ಪಾತಿಗಿಂತ ಕೆಳಗಿತ್ತು.

ಆ ಸಣ್ಣ ಸಂದಿನಲ್ಲಿ ಅಣ್ಣ ಹಾದುಹೋಗುವವರ ಚಪ್ಪಲಿಗಳನ್ನು ಸ್ವಲ್ಪ ಹೊತ್ತು ನೋಡಿದ.

"ಮಾರೋಣ ಅಂದ್ರೂ," ಅಂದ, "ಇಂಥಾದ್ದನ್ನ ಯಾವ ಹುಚ್ಚ ತಗೋತಾನೋ?"

"ಯಾರೂ ತಗೊಳ್ಳಲ್ಲ ಬಿಡಣ್ಣ," ಎಂದ ತಮ್ಮ, ಕಾರನ್ನು ರಸ್ತೆಯ ನಡುವಿಗೆ ತಿರುಗಿಸುತ್ತ.